ಸೊಳ್ಳೆಯೊಳಗಿನ ಅತಿಥಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ:

“ನನ್ನ ಅಣ್ಣ ಊರೆದುರು ನನ್ನನ್ನು ಕಳ್ಳನೆಂದು ಕರೆದು ಮನೆಯಿಂದ ಹೊರಗೆ ಹಾಕಿದ. ಅವನನ್ನು ಕೊಲ್ಲುವೆನೆಂದು ಅಂದು ಆಣೆ ಮಾಡಿದ್ದೆ. ಇಲ್ಲಿಗೆ ಬಂದ ಮೇಲೆ ಆ ದ್ವೇಷ ಒಂದು ದಿನವೂ ತಲೆಯೆತ್ತಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಈಗ ತನ್ನ ಮಗಳ ಮದುವೆಗೆ ಅಣ್ಣನೇ ಕರೆ ಕಳಿಸಿದ್ದಾನೆ. ದ್ವೇಷ ಸತ್ತಿದೆಯೆಂದು ನಂಬಿ ಹೋಗಬಹುದೇ?”

ಗುರುಗಳು ಕೇಳಿದರು: “ಕಳೆದ ಮಳೆಗಾಲದಲ್ಲಿ ನಿನಗೆ ಚಳಿಜ್ವರ ಬಂದಿತ್ತು. ಕೊಟ್ಟವರು ಯಾರು?”

“ಸೊಳ್ಳೆ.”

“ಸೊಳ್ಳೆ ಹೊತ್ತು ತಂದಿತು, ಅಷ್ಟೆ. ಜ್ವರದ ಬೀಜ ಮೊದಲು ಅದರ ಹೊಟ್ಟೆಯಲ್ಲಿ ಬಲಿಯಬೇಕು. ಸೊಳ್ಳೆಯ ಆಯುಸ್ಸೋ ಚಿಕ್ಕದು. ತಡಮಾಡಿದರೆ ಬೀಜವೂ ಅದರೊಂದಿಗೆ ಸಾಯುತ್ತದೆ. ಆತುರಪಟ್ಟು ಬೀಜವೇ ಸೊಳ್ಳೆಯ ಸತ್ವ ಹಿಂಡಿದರೂ ಎರಡೂ ಸಾಯುತ್ತವೆ. ಆದ್ದರಿಂದ ಅದು ಸೊಳ್ಳೆಯ ಸ್ಥಿತಿ ನೋಡಿಕೊಂಡು ಬೆಳೆಯುತ್ತದೆ. ಸೊಳ್ಳೆ ಹಸಿದಿದ್ದರೆ ಕಾಯುತ್ತದೆ. ಉಂಡರೆ ಮತ್ತೆ ಬೆಳೆಯುತ್ತದೆ.”

“ಎಂಥ ಮರ್ಯಾದಸ್ಥ ಅತಿಥಿ!” ಎಂದು ಶಿಷ್ಯ ನಕ್ಕ.

“ಹಾಗಾದರೆ ಇದನ್ನೂ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಅವನ ಸುಳ್ಳು ಸಾಕ್ಷಿಯಿಂದ ನಿರಪರಾಧಿಯೊಬ್ಬನಿಗೆ ಗಲ್ಲಾಯಿತು. ಸತ್ತವನ ತಮ್ಮ ವರ್ತಕನ ಪ್ರಾಣ ತೆಗೆಯುವ ಶಪಥ ಮಾಡಿದ. ಅಂದಿನಿಂದ ವರ್ತಕ ಹೊಸ್ತಿಲು ದಾಟಲಿಲ್ಲ. ಅವನ ಬಾಗಿಲು ಹೊರಗಿನವರಿಗೆ ತೆರೆಯಲೂ ಇಲ್ಲ. ಒಬ್ಬ ಮುದಿ ಬಳೆಗಾರನನ್ನು ಮಾತ್ರ ಕಾವಲಿನವರು ತಡೆಯುತ್ತಿರಲಿಲ್ಲ. ಮನೆಯ ಹೆಂಗಸರೆಲ್ಲ ನಂಬಿ ಕೈನೀಡುವ ಮನುಷ್ಯ ಅವನು.

ಆ ತಮ್ಮ ಈ ಬಳೆಗಾರನ ಬಳಿ ಆಳಾಗಿ ಸೇರಿದ. ಬಳೆಗಳ ಹೊರೆಯಾದ ಮಲಾರವನ್ನು ತಾನೇ ಹೆಗಲಿಗೇರಿಸಿಕೊಂಡ. ಅವನ ಮುಖ ಗುರುತು ಸಿಗದಂತೆ ಗಡ್ಡ ಬೆಳೆಯಬೇಕಿತ್ತು. ನಾಲಿಗೆಗೆ ಬಳೆಗಾರರ ಮಾತು ಹತ್ತಬೇಕಿತ್ತು. ಅಲ್ಲಿಯವರೆಗೆ ಮುದುಕ ಬದುಕಿರಬೇಕಿತ್ತು. ಬಿಸಿಲೇರಿದರೆ ಅವನನ್ನು ನೆರಳಿನಲ್ಲಿ ಕೂರಿಸಿದ. ನಾಯಿಗಳಿರುವ ಬೀದಿಗೆ ಬಿಡಲಿಲ್ಲ. ಕಾಯಿಲೆ ಬಿದ್ದರೆ ವ್ಯಾಪಾರ ನಿಲ್ಲಿಸಿ ಗಂಜಿ ಕುಡಿಸಿದ. ಮುದುಕನ ಕೆಮ್ಮು ಹೆಚ್ಚಾದಂತೆ ತನ್ನ ಕಲಿಕೆಯನ್ನು ಚುರುಕುಮಾಡಿದ.

“ಏನಜ್ಜ, ಈ ವಯಸ್ಸಿನಲ್ಲಿ ಮಗ ಹುಟ್ಟಿದನಾ?” ಎಂದು ಹೆಂಗಸರು ಕೆಣಕುತ್ತಿದ್ದರು.

“ಹೊಟ್ಟೆ ಉರ್ಕೋಬೇಡ್ರವ್ವ. ನಿಮ್ಮ ಗಂಡಂದಿರೂ ಇಷ್ಟು ಚೆನ್ನಾಗಿ ನೋಡ್ಕೊಳ್ಳೋದಿಲ್ಲ” ಎಂದು ಮುದುಕ ಬೀಗುತ್ತಿದ್ದ.

ವರ್ತಕನ ಸೊಸೆ ಬಸುರಿಯಾದಳು. ಹಸಿರು ಬಳೆ ತೊಡಿಸಲು ಕರೆ ಬಂತು. ಅಂದು ಬಳೆಗಾರನಿಗೆ ಕಾಯಿಲೆ ಜೋರಾಗಿತ್ತು.

“ಏಳಜ್ಜ, ಹೋಗೋಣ.”

“ಮೈ ಸುಡ್ತಾ ಇದೆ ಕಣೋ. ನೆಗಡಿ ಬಂದರೂ ಮಲಗು ಅಂತಿದ್ದವನು ನೀನೇ ಅಲ್ಲವೇನೋ?”

“ಇವತ್ತು ಹೋಗಲೇಬೇಕು” ಎಂದು ಆಳು ಅವನನ್ನು ಎಬ್ಬಿಸಿ ಬೆನ್ನ ಮೇಲೆ ಹೊತ್ತ.

ಕಾವಲಿನವರು ನಕ್ಕು ದಾರಿ ಬಿಟ್ಟರು. ಒಳಹಜಾರದಲ್ಲಿ ಬಳೆಗಾರ ಸೊಸೆಯ ಕೈ ಹಿಡಿದು ಬಳೆ ಏರಿಸತೊಡಗಿದ. ಅವನಿಗೆ ತಾಂಬೂಲ ಕೊಡಲು ವರ್ತಕ ಕೋಣೆಯಿಂದ ಹೊರಗೆ ಬಂದ. ಮಲಾರದೊಳಗಿಂದ ಕತ್ತಿ ಬಂತು. ಬಳೆ ಇನ್ನೂ ಹುಡುಗಿಯ ಗೆಣ್ಣು ದಾಟಿರಲಿಲ್ಲ. ವರ್ತಕ ಸತ್ತು ಬಿದ್ದಿದ್ದ.

ಕಾವಲಿನವರು ಆಳನ್ನು ಕಟ್ಟಿದರು. ಬಳೆಗಾರ ತೆವಳುತ್ತ ಅವನ ಬಳಿಗೆ ಹೋದ.

“ನನಗೆ ಗಂಜಿ ಕುಡಿಸಿದೆಯಲ್ಲೋ. ಅದೂ ಸುಳ್ಳೇನೋ?”

“ಸುಳ್ಳಲ್ಲ ಅಜ್ಜ. ನೀನು ಸತ್ತಿದ್ದರೆ ನನಗೆ ಈ ಬಾಗಿಲು ತೆರೆಯುತ್ತಿರಲಿಲ್ಲ.”

ಆ ಪಟ್ಟಣದಲ್ಲಿ ಮತ್ತೆ ಯಾವ ಹೆಣ್ಣೂ ಬಳೆಗಾರನಿಗೆ ಕೈನೀಡಲಿಲ್ಲ.

“ಅಯ್ಯೋ, ಆ ಮುದುಕನಿಗೆ ಏನೂ ಗೊತ್ತಿರಲಿಲ್ಲವಲ್ಲ!” ಎಂದ ಶಿಷ್ಯ.

“ಸೊಳ್ಳೆಗೂ ಗೊತ್ತಿರುವುದಿಲ್ಲ” ಎಂದರು ಗುರುಗಳು.

ಶಿಷ್ಯ ತಡವರಿಸುತ್ತ ಕೇಳಿದ: “ಹಾಗಾದರೆ ನಾನು ಮದುವೆಗೆ ಹೋಗಲೋ, ಬೇಡವೋ?”

“ಹೋಗಿ ಬಾ; ಆದರೆ ಒಳಗಿನ ಅತಿಥಿಯನ್ನು ಬಿಟ್ಟು ಒಬ್ಬನೇ ಹೋಗಬಲ್ಲೆಯಾ?”