ಮಾಳಿಂಗ ಹೆಂಚು ಒಗೆದದ್ದು

"ನಂಬಾಕಿಲ್ಲ ನೀವು, ಅಜ್ಜಾರ. ಬೇಕಾದ್ರ ಪಂದ್ಯ ಕಟ್ರಿ!"

ಹೊಳೆದಂಡೆಯ ಮಠದ ಅಂಗಳದಲ್ಲಿ ಮಾಳಿಂಗ ಎದೆಯುಬ್ಬಿಸಿ ನಿಂತಿದ್ದ.

"ಕುರಿ ಕಾಯೋ ಈ ಕೈಯನ್ನ ಅಮೆರಿಕದವರು ವಿಮಾನದಾಗ ಹೊತ್ತೊಯ್ದಿದ್ರು. ಬೇಸ್‌ಬಾಲ್ ಅಂತ ಆಟ. ನಾ ಒಗೆದ ಚೆಂಡು ಬಡಿಗಿ ಹಿಡದವನ ಕಣ್ಣಿಗೇ ಬೀಳ್ತಿರಲಿಲ್ಲ. ರೊಕ್ಕ ಕೊಟ್ಟು ಒಗಸ್ತಿದ್ರು!"

ಚಾವಣಿಯ ಮೇಲೆ ಕೂತಿದ್ದ ಅಜ್ಜಾರು, ಆ ಮಠದ ಗುರುಗಳು, ಒಡೆದ ಹೆಂಚೊಂದನ್ನು ಕಿತ್ತು ಪಕ್ಕಕ್ಕಿಟ್ಟರು.

"ನಂಬಿದೆ," ಎಂದರು.

ಮಾಳಿಂಗ ಪೆಚ್ಚಾದ. ಊರವರು ನಂಬದೆ ನಗುತ್ತಿದ್ದರು, ಅವರ ಜೊತೆ ಜಗಳಕ್ಕಾದರೂ ಬೀಳಬಹುದಿತ್ತು. ನಂಬಿದವರ ಮುಂದೆ ಉಳಿದರ್ಧ ಕಥೆಯನ್ನೂ ಹೇಳಬೇಕು.

"ಆಮ್ಯಾಲ?"

"ಒಂದ ಬ್ಯಾಸಗಿ ಆಡಿದೆ. ಭುಜ ಹರೀತು. ಮನಿಗೆ ಕಳಿಸಿದ್ರು."

"ಆಮ್ಯಾಲ?"

"ಆಮ್ಯಾಲ ಏನೂ ಇಲ್ರಿ." ಅವನ ದನಿ ಇಳಿಯಿತು. "ಮಂತ್ರ ಹಾಕ್ರಿ, ವಿಭೂತಿ ಹಚ್ರಿ, ಏನರ ಮಾಡ್ರಿ. ನನ್ನ ಕೈ ನನಗ ತಿರುಗಿ ಬರಬೇಕು. ಅದಿಲ್ಲಂದ್ರ ನಾ ಯಾರೂ ಅಲ್ಲ."

ಗುರುಗಳು ಆಕಾಶ ನೋಡಿದರು. "ಮೋಡ ಕಟ್ಟೈತಿ. ಒಂದ ಹೆಂಚು ಮ್ಯಾಲ ಒಗಿ, ತಮ್ಮಾ."

ಒಗೆಯುವುದೇ? ಮಾಳಿಂಗನ ಕಣ್ಣು ಮಿಂಚಿತು. ಅಂಗಳದಲ್ಲಿ ಪೇರಿಸಿಟ್ಟಿದ್ದ ಹೊಸ ಹೆಂಚುಗಳಲ್ಲಿ ಒಂದನ್ನೆತ್ತಿಕೊಂಡು, ಪರದೇಶದಲ್ಲಿ ಕಲಿಸಿದಂತೆ ಎಡಗಾಲೆತ್ತಿ, ಹಲ್ಲು ಕಚ್ಚಿ ಬೀಸಿದ. ಅದು ಗುರುಗಳ ಕಿವಿಯ ಪಕ್ಕ ಸುಂಯ್ ಎಂದು ಹಾದು ಹಿಂದಿನ ಬೇವಿನ ಮರಕ್ಕೆ ಬಡಿದು ಚೂರಾಯಿತು.

"ನೋಡಿದ್ರ್ಯಾ!" ಭುಜದ ನೋವಿಗೆ ಅವನ ಕಣ್ಣಲ್ಲಿ ನೀರು.

"ಕಾಣಲೇ ಇಲ್ಲ. ಇನ್ನೊಂದ."

ಎರಡನೆಯದಕ್ಕೆ ಗುರುಗಳು ಅಂಗೈ ಒಡ್ಡಿದರು. ಹೆಂಚು ಅಂಗೈ ಸೀಳಿತು.

"ರಕ್ತರೀ, ಅಜ್ಜಾರ! ಇಳೀರಿ ಕೆಳಗ!"

ಗುರುಗಳು ಇಳಿಯಲಿಲ್ಲ. "ಬಡಿಗಿ ಹಿಡದವ ಹೊಡೀಲಿಲ್ಲಂದ್ರ ನಿನ್ನ ಚೆಂಡು ಎಲ್ಲಿಗೆ ಹೋಗ್ತಿತ್ತು?"

"ಅವನ ಹಿಂದ ಒಬ್ಬ ಕುಂತಿರ್ತಿದ್ದ. ಹಿಡಿಯಾಕ."

"ಅವನ ಹೆಸರೇನು?"

ಮಾಳಿಂಗ ಬಾಯಿ ತೆರೆದ. ಹೊಡೆಯಲಾಗದೆ ಸೋತ ಒಬ್ಬೊಬ್ಬನ ಹೆಸರೂ ನಾಲಿಗೆಯ ತುದಿಯಲ್ಲಿತ್ತು. ಹಿಡಿದವನದು ಬರಲಿಲ್ಲ. ನೆನಪಿಗೆ ಬಂದದ್ದು ಇಷ್ಟೇ: ಆಟ ಮುಗಿದ ಮೇಲೆ ಅವನು ಊದಿದ ಕೈಯನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿ ಅದ್ದಿಕೊಂಡು ಸುಮ್ಮನೆ ಕೂರುತ್ತಿದ್ದ.

"ಇನ್ನೊಂದ," ಎಂದರು ಗುರುಗಳು.

ಮಾಳಿಂಗ ಈ ಸಲ ಕೈಯಲ್ಲಿದ್ದ ಹೆಂಚನ್ನು ನೋಡದೆ ಗುರುಗಳ ಗಾಯದ ಅಂಗೈಯನ್ನೇ ನೋಡಿದ. ಹೆಂಚನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟದ ಕೆಳಗಿಂದ ಮೆಲ್ಲಗೆ ಮೇಲಕ್ಕೆ ಬಿಟ್ಟ. ಹೆಂಚು ಏರಿತು. ಏರಿ, ಗುರುಗಳ ಎದೆಯ ಮಟ್ಟದಲ್ಲಿ ಗಳಿಗೆಯಷ್ಟು ಹೊತ್ತು ಗಾಳಿಯಲ್ಲೇ ನಿಂತಿತು. ಅವರು ಗೋಡೆಯ ಗೂಡಿನಿಂದ ದೀಪ ಎತ್ತಿಕೊಳ್ಳುವಂತೆ ಎತ್ತಿಕೊಂಡರು.

ಭುಜ ನೋಯಲಿಲ್ಲ.

ಮಳೆ ಹನಿಯುವ ಹೊತ್ತಿಗೆ ಚಾವಣಿ ಮುಚ್ಚಿತ್ತು. ಕೆಳಗಿಳಿದ ಗುರುಗಳ ಅಂಗೈ ತೊಳೆದು, ತನ್ನ ರುಮಾಲು ಹರಿದು ಕಟ್ಟುತ್ತ ಮಾಳಿಂಗ ಕೇಳಿದ:

"ನನ್ನ ಕೈ ತಿರುಗಿ ಬರಲಿಲ್ಲಲ್ರಿ, ಅಜ್ಜಾರ?"

"ಇಲ್ಲ. ಅದು ಬರಂಗಿಲ್ಲ."

"ಹಂಗಾರ ನನಗೇನ ಕೊಟ್ರಿ?"

"ಕೆಲಸ," ಎಂದರು ಗುರುಗಳು. "ನಾಳೆ ಅಡಿಗಿಮನಿ ಹೆಂಚು. ನಾ ಒಗೀತೀನಿ, ನೀ ಮ್ಯಾಲ ಕುಂತು ಹಿಡಿ."