ಅಂಬಿಗನ ಮಗಳ ಕಾಲು

"ಗುರುಗಳೇ, ನೊಂದವರ ಭಾರವನ್ನು ನಾವು ಹೊತ್ತರೆ ಅವರ ನೋವು ಇಳಿಯಬೇಕಲ್ಲವೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಅವನ ಜೊತೆಗಾರನೊಬ್ಬ ತಾಯಿಯನ್ನು ಕಳೆದುಕೊಂಡು ಆಗಷ್ಟೇ ಮಠಕ್ಕೆ ಮರಳಿದ್ದ. ಅವನ ಪಾಲಿನ ನೀರು, ಕಸ, ಸೌದೆಯ ಕೆಲಸವನ್ನೆಲ್ಲ ಚನ್ನವೀರನೇ ಮಾಡುತ್ತಿದ್ದ. ಅನ್ನದ ತಟ್ಟೆಯನ್ನೂ ಅವನು ಕುಳಿತಲ್ಲಿಗೇ ಒಯ್ಯುತ್ತಿದ್ದ. ಆದರೂ ಗೆಳೆಯ ದಿನದಿಂದ ದಿನಕ್ಕೆ ಕುಗ್ಗಿಹೋಗುತ್ತಿದ್ದ.

ಗುರುಗಳು ಈ ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹೆಂಡತಿ ತೀರಿಹೋಗಿದ್ದಳು. ಸಾವಂತ್ರಿ ಎಂಬ ಒಬ್ಬಳೇ ಮಗಳು, ಪ್ರಾಯಕ್ಕೆ ಬಂದವಳು. ಅವನು ದೋಣಿ ನಡೆಸುತ್ತಿದ್ದ. ದಡ ಹತ್ತಿರವಾದಾಗ ಮಗಳು ಎಲ್ಲರಿಗಿಂತ ಮೊದಲು ಕಲ್ಲಿನ ಮೆಟ್ಟಿಲಿಗೆ ಜಿಗಿದು ಹಗ್ಗ ಕಟ್ಟುತ್ತಿದ್ದಳು.

ಒಂದು ಸಂಜೆ ಹೊಳೆಗೆ ಹೊಸ ನೀರು ಬಂದಿತ್ತು. ದೋಣಿಯಲ್ಲಿದ್ದವರಿಗೆಲ್ಲ ಇಳಿಯುವ ಆತುರ. ಜಿಗಿದ ಮಗಳಿಗೆ ಇನ್ನೂ ನೆಲೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಅಂಬಿಗ ಬಿದಿರಿನ ಗಳ ಊರಿ ದೋಣಿಯನ್ನು ಜೋರಾಗಿ ದಡಕ್ಕೆ ತಳ್ಳಿಬಿಟ್ಟ. ಅವಳ ಕಾಲು ದೋಣಿಗೂ ಕಲ್ಲಿಗೂ ನಡುವೆ ಸಿಕ್ಕಿತು. ಮೊಣಕಾಲಿನ ಕೆಳಗೆ ಮೂಳೆ ಎರಡು ತುಂಡಾಯಿತು. ಆ ಸದ್ದು ಅಂಬಿಗನ ಕಿವಿಗೆ ಬಿತ್ತು.

ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಶಸ್ತ್ರಚಿಕಿತ್ಸೆ ಮಾಡಿದರು. ಮೂಳೆಯ ಟೊಳ್ಳಿನೊಳಗೆ ಉಕ್ಕಿನ ಸರಳು ಇಳಿಸಿದರು. ಅದು ಕದಲದಂತೆ ಮೇಲೂ ಕೆಳಗೂ ತಿರುಪು ಬಿಗಿದರು. ಮುರಿದ ತುದಿಗಳು ಎದುರುಬದುರಾಗಿ ನಿಂತವು. ಮನೆಗೆ ಕಳಿಸುವಾಗ ಅವರು, "ಊರುಗೋಲು ಹಿಡಿಸಿ ದಿನಾ ನಿಲ್ಲಿಸಿ. ನೋವಿರುತ್ತದೆ, ಆದರೂ ಆ ಕಾಲಿನ ಮೇಲೆ ಮೆಲ್ಲಮೆಲ್ಲಗೆ ಭಾರ ಬಿಡಲಿ" ಎಂದರು. ಅಂಬಿಗ ತಲೆಯಾಡಿಸಿದ.

ಮನೆಗೆ ಬಂದು ಮಗಳು ಮೊದಲ ಸಲ ಆ ಕಾಲನ್ನು ನೆಲಕ್ಕೆ ತಾಗಿಸಿದವಳೇ "ಅಪ್ಪಾ" ಎಂದು ಚೀರಿದಳು. ಅಂಬಿಗನಿಗೆ ಅದನ್ನು ಕೇಳಿ ನಿಲ್ಲಲಾಗಲಿಲ್ಲ. ಓಡಿಹೋಗಿ ಅವಳನ್ನು ಎತ್ತಿಕೊಂಡ.

ಅಂದಿನಿಂದ ಊರುಗೋಲು ಬಾಗಿಲ ಹಿಂದೆ ಸೇರಿತು. ಬಚ್ಚಲಿಗೆ ಹೊತ್ತ, ಊಟಕ್ಕೆ ಹೊತ್ತ, ಬಿಸಿಲು ಕಾಯಿಸಲು ಜಗುಲಿಗೆ ಹೊತ್ತ. ಕೆಲಸಕ್ಕೆ ಹೋಗುವಾಗ ಬೆನ್ನಿನ ಮೇಲೆ ಕೂರಿಸಿಕೊಂಡು ಹೋಗಿ ದೋಣಿಯ ಮೂಲೆಯಲ್ಲಿ ಗೋಣಿ ಹಾಸಿ ಕೂರಿಸಿದ. ದೋಣಿ ಹತ್ತಿದವರೆಲ್ಲ, "ಇಂಥ ಅಪ್ಪನನ್ನು ಪಡೆಯೋಕೂ ಪುಣ್ಯ ಮಾಡಿರಬೇಕು" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವನ ಎದೆಯ ಮೇಲಿನ ಬಂಡೆ ಒಂದಿಷ್ಟು ಸರಿದಂತಾಗುತ್ತಿತ್ತು. ಮಗಳು ಮೊದಮೊದಲು ನಗುತ್ತಿದ್ದಳು. ಆಮೇಲೆ ನಗು ನಿಂತಿತು. ಆಮೇಲೆ ಮಾತೂ ಕಡಿಮೆಯಾಯಿತು. ಅವಳ ಕಾಲು ಸೊರಗಿ ಕಡ್ಡಿಯಾಯಿತು.

ಮತ್ತೆ ಆಸ್ಪತ್ರೆಗೆ ಹೋಗುವ ದಿನ ಬಂತು. ಡಾಕ್ಟರಮ್ಮ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಮುರಿದ ಜಾಗ ಮುರಿದಂತೆಯೇ ಇತ್ತು.

"ನಡೆಸಿದಿರಾ?"

"ಇಲ್ಲ ತಾಯಿ. ಕಾಲು ನೆಲ ಸೋಕದ ಹಾಗೆ ನೋಡಿಕೊಂಡಿದ್ದೀನಿ" ಎಂದ ಅಂಬಿಗ. ಅವನ ದನಿಯಲ್ಲಿ ಹೆಮ್ಮೆ ಇತ್ತು.

ಅವನ ಸವೆದ ಹೆಗಲನ್ನು ನೋಡಿ ಡಾಕ್ಟರಮ್ಮನಿಗೆ ಬೈಯಲು ಬಾಯಿ ಬರಲಿಲ್ಲ. ಕುರ್ಚಿ ಎಳೆದು ಅವನ ಎದುರಿಗೆ ಕುಳಿತರು. "ನಾನು ಹಾಕಿದ ಸರಳು ಎರಡು ತುದಿಗಳನ್ನು ಹಿಡಿದುಕೊಂಡಿರುತ್ತೆ, ಅಷ್ಟೇ ಯಜಮಾನರೇ. ಕೂಡಿಸೋದು ಅವಳ ಮೈ. ಭಾರ ಬಿದ್ದರೇನೇ ಮೂಳೆಗೆ ತಾನು ಬೆಳೀಬೇಕು ಅಂತ ಗೊತ್ತಾಗೋದು. ಅದು ಕೂಡದೇ ಹೋದರೆ ಬರೀ ಸರಳು ಎಷ್ಟು ಕಾಲ ತಡೆದೀತು? ಒಂದು ದಿನ ಅದೂ ಮುರಿಯುತ್ತೆ. ಆಗ ಮತ್ತೆ ಕಾಲಿನ ಆಪರೇಷನ್ ಮಾಡಬೇಕಾಗುತ್ತೆ" ಎಂದರು.

ಅಂಬಿಗ ಅವಳನ್ನು ಹೊತ್ತುಕೊಂಡೇ ಮನೆಗೆ ಮರಳಿದ.

ಮರುದಿನ ಬೆಳಿಗ್ಗೆ ಅವನು ಊರುಗೋಲಿನ ದೂಳು ಒರೆಸಿ ಮಗಳ ಕೈಗೆ ಕೊಟ್ಟ. ಗೋಡೆಗೆ ಆನಿಸಿ ನಿಲ್ಲಿಸಿದ. ತಾನು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಚಾಚಿದ. ಅವಳು ಕೂಸಾಗಿದ್ದಾಗಲೂ ನಡಿಗೆ ಕಲಿಸಿದ್ದು ಹೀಗೆಯೇ.

ಅವಳು ಕಾಲೂರಿದಳು. ಮುಖ ಬಿಳಿಚಿಕೊಂಡಿತು. "ಆಗಲ್ಲ ಅಪ್ಪಾ, ಎತ್ತಿಕೋ" ಎಂದಳು.

"ಇಲ್ಲೇ ಇದ್ದೀನಲ್ಲವ್ವ, ಬಾ."

"ಎತ್ತಿಕೋ ಅಂತೀನಿ!"

ಅವನು ಕದಲಲಿಲ್ಲ. ಅವಳಿಗೆ ಸಿಟ್ಟು ಉಕ್ಕಿತು. "ಮುರಿದವನೂ ನೀನೇ, ಈಗ ನಿಂತು ನೋಡ್ತಿರೋನೂ ನೀನೇ!" ಎಂದು ಕೂಗಿದಳು.

ಆ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಅವಳ ಬಾಯಿಂದ ಅದು ಎಂದಾದರೂ ಬಂದೀತೆಂದು ಹೆದರಿಯೇ ಅವನು ಹಗಲೂ ರಾತ್ರಿ ಅವಳನ್ನು ಹೊತ್ತಿದ್ದ. ಅವನ ಚಾಚಿದ ಕೈಗಳು ಕೆಳಗಿಳಿಯಲಿಲ್ಲ.

"ಹೌದವ್ವ, ನಾನೇ ಮುರಿದೆ" ಎಂದ. "ಬಾ."

ಮಗಳು ಅಳುತ್ತ, ಬೈಯುತ್ತ, ಊರುಗೋಲು ಕುಟ್ಟುತ್ತ ಬಂದಳು. ಆ ಸಿಟ್ಟಿನ ಭರದಲ್ಲಿ ಕಾಲು ಭಾರ ಹೊತ್ತಿದ್ದು ಅವಳಿಗೇ ತಿಳಿಯಲಿಲ್ಲ. ಬಂದವಳೇ ಮುಷ್ಟಿ ಬಿಗಿದು ಅವನ ಎದೆಗೆ ಗುದ್ದಿದಳು. ಮತ್ತೊಂದು ಗುದ್ದಿದಳು. ಆಮೇಲೆ ಅಲ್ಲೇ ತಲೆಯಿಟ್ಟಳು. ಅಂಬಿಗನ ಕೈ ತಾನಾಗಿ ಅವಳ ಬೆನ್ನನ್ನು ಬಳಸಿತು. ಆದರೆ ಅವನು ಎತ್ತಿಕೊಳ್ಳಲಿಲ್ಲ. ಅವಳು ತನ್ನ ಕಾಲಿನ ಮೇಲೆ ತಾನೇ ನಿಂತು ಅತ್ತಳು. ಅವನೂ ಅತ್ತ.

ಅಂದಿನಿಂದ ದಿನವೂ ನಡೆದಳು. ಕೆಲವು ದಿನ ಅಂಗಳ ದಾಟಿದಳು, ಕೆಲವು ದಿನ ಹೊಸ್ತಿಲಲ್ಲೇ ಕುಸಿದಳು. ಕುಸಿದಾಗ ಅವನು ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ. ಏಳುವುದು ಅವಳಿಗೆ ಬಿಟ್ಟದ್ದಾಗಿತ್ತು. ಕೊಳದಲ್ಲಿ ನೀರು ತುಂಬಿಕೊಂಡಂತೆ ಮನೆಯಲ್ಲಿ ಮಾತು ಮರಳಿತು. ಜಗಳವೂ ಮರಳಿತು.

ಮಾಗಿಯ ಹೊತ್ತಿಗೆ ಮತ್ತೆ ಆಸ್ಪತ್ರೆಗೆ ಹೋದರು. ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಬಿಳಿಯ ಗಂಟೊಂದು ಕಟ್ಟಿಕೊಂಡಿತ್ತು. ಡಾಕ್ಟರಮ್ಮ ಅದನ್ನು ಬೆರಳಿಂದ ತೋರಿಸಿ, "ಇದು ನನ್ನ ಕೆಲಸ ಅಲ್ಲಮ್ಮ, ನಿನ್ನದು" ಎಂದು ನಕ್ಕರು. ಸಾವಂತ್ರಿ ಬಹಳ ಹೊತ್ತು ಅದನ್ನೇ ನೋಡಿದಳು. ಬಳಿಕ ಯಾರ ಕೈಯನ್ನೂ ಹಿಡಿಯದೆ ಹೊರಗೆ ನಡೆದಳು. ಸಣ್ಣದೊಂದು ಕುಂಟು ಉಳಿದಿತ್ತು. ಹಿಂದೆ ಬರುತ್ತಿದ್ದ ಅಂಬಿಗನ ಕಣ್ಣಿಗೆ ಅದು ಪ್ರತಿ ಹೆಜ್ಜೆಗೂ ಕಾಣುತ್ತಿತ್ತು. ಆದರೂ ಅವನು ಮುಂದೆ ಹೋಗಿ ಹೆಗಲು ಕೊಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರನ ಕಣ್ಣು ತುಂಬಿತ್ತು. "ಪಾಪ, ಅಷ್ಟು ದಿನ ಮಗಳ ನೋವನ್ನು ಹೊತ್ತು ತಿರುಗಿದ್ದೆಲ್ಲ ವ್ಯರ್ಥವಾಯಿತಲ್ಲ ಗುರುಗಳೇ" ಎಂದ.

"ಅಷ್ಟು ದಿನ ಅವನು ಹೊತ್ತದ್ದು ತನ್ನ ನೋವನ್ನು. ಮಗಳ ನೋವನ್ನು ಹೊತ್ತದ್ದು ಅವಳನ್ನು ಕೆಳಗಿಳಿಸಿದ ದಿನ" ಎಂದರು ಗುರುಗಳು.

ಅಂದು ಊಟದ ಹೊತ್ತಿಗೆ ಚನ್ನವೀರ ತಟ್ಟೆ ಒಯ್ಯದೆ ಗೆಳೆಯನ ಪಕ್ಕದಲ್ಲಿ ಹೋಗಿ ಕುಳಿತು, ಅವನು ತಾನೇ ಏಳುವುದನ್ನು ಕಾದ.