ಕ್ಯಾಮೆರಾಕ್ಕೆ ಧೂಪ

ಭಗವಂತನ ದಯೆಯಿಂದ ಚನ್ನವೀರಪ್ಪನವರು ಹೆಸರಾಂತ ದೋಸೆ ಕಂಪನಿಯೊಂದರ ಫ್ರಾಂಚೈಸಿ ಹಿಡಿದಿದ್ದರು; ಹೆಸರೂ ಹಿಟ್ಟೂ ಕಂಪನಿಯದು, ಅಂಗಡಿ ಇವರದು. ಅಂಗಡಿಗೆ ಸಂಬಳದ ಮ್ಯಾನೇಜರನ್ನಿಟ್ಟು, ತಾವು ಮನೆಯಲ್ಲೇ ಕೂತು ಅಂಗಡಿಯ ಕ್ಯಾಮೆರಾ ಮೂಲಕ ಮೊಬೈಲಿನಲ್ಲಿ ಎಲ್ಲ ನೋಡುತ್ತಿದ್ದರು. ಬರಬರುತ್ತ ಗಿರಾಕಿಗಳು ಕಡಿಮೆಯಾದರು.

"ಕಂಪನಿಯಿಂದ ಹಿಟ್ಟು ಹುಳಿ ಹಿಡಿದು ಬರ್ತಿದೆ, ಯಜಮಾನ್ರೇ. ನನ್ನ ಮಾತು ಅವರು ಕೇಳಲ್ಲ. ನೀವೊಮ್ಮೆ ಬನ್ನಿ" ಎಂದ ಮ್ಯಾನೇಜರ್ ಫೋನಿನಲ್ಲಿ.

"ದೇವರ ಹಾಗೆ ಕ್ಯಾಮೆರಾದಲ್ಲಿ ಎಲ್ಲ ನೋಡ್ತಿದ್ದೀನಿ! ಜನ ಬರದಿದ್ರೆ ನೀನು ಮನೆಗೆ ಹೋಗು."

ಮರುದಿನ ಮ್ಯಾನೇಜರ್ ಕ್ಯಾಮೆರಾಕ್ಕೆ ಹಾರ ಹಾಕಿ ಧೂಪ ಹಿಡಿದ. ಮೊಬೈಲಿನ ತುಂಬ ಹೊಗೆ ಕಂಡು ಯಜಮಾನರು ಓಡಿ ಬಂದರು.

"ಏನಯ್ಯಾ ಇದು?"

"ದೇವರಿಗೆ ಪೂಜೆ, ಯಜಮಾನ್ರೇ. ಸಾಕ್ಷಾತ್ ನೀವೇ ಬಂದ್ರಿ, ನೈವೇದ್ಯ ತಗೊಳ್ಳಿ" ಎಂದು ದೋಸೆ ಇಟ್ಟ.

ಒಂದೇ ತುತ್ತಿಗೆ ಯಜಮಾನರು ಮುಖ ಕಿವುಚಿದರು. ಅಲ್ಲೇ ಕೂತು ಕಂಪನಿಗೆ ಫೋನ್ ಹಚ್ಚಿದರು.

ಎಲ್ಲೆಲ್ಲೂ ಇರುವ ದೇವರೂ ನೈವೇದ್ಯದ ಹೊತ್ತಿಗೆ ಗುಡಿಯಲ್ಲಿರುತ್ತಾನಪ್ಪಾ!